ಸುಳ್ಳು ಏಟು

ಭಾಲ್ಕಿಯಿಂದ ಬಂದ ಬಸ್ಸು ನೌಬಾದಿನಲ್ಲಿ ಪೂರ್ತಿ ನಿಲ್ಲುವ ಮೊದಲೇ ರಾಧಿಕಾ ಕೆಳಗೆ ಹಾರಿದಳು. ಕಂಡಕ್ಟರ್ ಹಿಂದಿನಿಂದ ಏನೋ ಬೈದ. ಬೆಳಗಿನ ಅಭ್ಯಾಸಕ್ಕೆಂದು ಸುತ್ತಿಕೊಂಡ ಪಟ್ಟಿ ಅವಳ ಎರಡೂ ಕೈಗಳಲ್ಲಿ ಹಾಗೆಯೇ ಇತ್ತು. ಪಕ್ಕದಲ್ಲಿ ಕುಳಿತಿದ್ದ ಮುದುಕಿ ಅದನ್ನು ನೋಡಿ, ಹರೆಯದ ಹುಡುಗಿಗೆ ಎರಡೂ ಕೈ ಮುರಿದಿವೆಯಲ್ಲ ಎಂದು ದಾರಿಯುದ್ದಕ್ಕೂ ಮರುಗಿದ್ದಳು. ಇದು ಬಾಕ್ಸಿಂಗಿನ ಪಟ್ಟಿ ಎಂದು ತಿಳಿಸಿ ಹೇಳುವ ತ್ರಾಣ ರಾಧಿಕಾಳಿಗೆ ಇರಲಿಲ್ಲ. ಅದನ್ನು ಕಲಿಸಿದ ಉಸ್ತಾದ್ ಖಾಜಾ ಮಿಯಾ ತೀರಿಹೋಗಿದ್ದರು.

ಖಾಜಾ ಮಿಯಾ ಅಂದರೆ ನೌಬಾದಿನಲ್ಲಿ ಎರಡು ಗುರುತು. ಹಳಬರಿಗೆ ಅವರು ಗಾದಿ ತುಂಬುವ ಪಿಂಜಾರ. ಉಳಿದವರಿಗೆ, ಹುಡುಗಿಯರಿಗೆ ಹೊಡೆದಾಟ ಕಲಿಸಿ ಕೆಡಿಸುವ ಮುದುಕ. ಎರಡನ್ನೂ ಅವರು ಬೇಡವೆಂದವರಲ್ಲ. ಹರೆಯದಲ್ಲಿ ವಾಯುಸೇನೆಯ ಠಾಣೆಗೆ ಗಾದಿ ತುಂಬಲು ಹೋಗುತ್ತಿದ್ದಾಗ ಅಲ್ಲಿಯ ಬಾಕ್ಸರ್ ಒಬ್ಬನ ಬೆನ್ನು ಬಿದ್ದು ಕಲಿತ ವಿದ್ಯೆ ಅದು. ಗಾದಿ ಅಂಗಡಿಯ ಹಿಂದಿನ ಉದ್ದನೆಯ ಕೋಣೆಯೇ ಅವರ ತಾಲೀಮು, ಅವರ ಗರಡಿ. ಅಲ್ಲಿ ತೂಗುಬಿಟ್ಟಿದ್ದ ಹೊಡೆಯುವ ಚೀಲಗಳನ್ನು ಅವರೇ ಹೊಲಿದು, ಜನ ಬೇಡವೆಂದು ಬಿಟ್ಟ ಹಳೇ ಗಾದಿಗಳ ಹತ್ತಿಯನ್ನು ಗಿಡಿದು ತುಂಬಿದ್ದರು. ಬೀದರಿನ ಎಷ್ಟೋ ದೊಡ್ಡ ಮನೆಗಳ ಮದುವೆ ಗಾದಿಗೆ ಆ ಕೋಣೆಯಲ್ಲಿ ದಿನಾ ಎರಡು ಹೊತ್ತು ಏಟು ಬೀಳುತ್ತಿತ್ತು.

ಗಲ್ಲಿಯ ತುದಿಯಲ್ಲಿ ಸಂಘಪಾಲ ತನ್ನ ಜೀಪಿಗೆ ಒರಗಿ ನಿಂತಿದ್ದ. ಖಾಜಾ ಮಿಯಾರ ಮೊದಮೊದಲ ಶಿಷ್ಯರಲ್ಲಿ ಅವನೊಬ್ಬ. ಈಗ ತಲೆ ನರೆತು, ಬಾಡಿಗೆ ಜೀಪು ಓಡಿಸಿಕೊಂಡಿದ್ದಾನೆ. ಬೆಳಿಗ್ಗೆ ಭಾಲ್ಕಿಗೆ ಫೋನು ಮಾಡಿ ಸುದ್ದಿ ಹೇಳಿದವನೂ ಅವನೇ.

“ನಸುಕಿನ್ಯಾಗ ಫಜರ್ ನಮಾಜಿಗಿ ಎದ್ದಾರ. ಕೈಕಾಲು ತೊಳಕೊಂಡು ಗ್ವಾಡಿಗಿ ಆತು ಕುಂತಾರ. ಹಂಗೇ ಹೋಗ್ಯಾರ,” ಎಂದ. ಆಮೇಲೆ ಅವಳ ಕೈ ನೋಡಿ, ಪಟ್ಟಿಯನ್ನಾದರೂ ಬಿಚ್ಚು ಎಂದ. ಅವಳು ಬಿಚ್ಚಲಿಲ್ಲ.

ಮನೆಯೊಳಗೆ ಸ್ನಾನ ಮುಗಿದು, ಬಿಳಿ ಬಟ್ಟೆ ಹೊದಿಸಿ ಮಲಗಿಸಿದ್ದರು. ಮಧ್ಯಾಹ್ನದ ನಮಾಜಿನ ನಂತರ ದಫನ್. ಒಳಕೋಣೆಯಲ್ಲಿ ಹೆಂಗಸರು, ಅವರ ನಡುವೆ ಖಾಜಾ ಮಿಯಾರ ಹೆಂಡತಿ ಹಮೀದುನ್ನಿಸಾ. ಟ್ರ್ಯಾಕ್‌ಸೂಟು ತೊಟ್ಟು ಬಂದ ರಾಧಿಕಾಳನ್ನು ಮೊದಲು ನೋಡಿದವಳು ಬಗದಲ್‌ನಿಂದ ಬಂದಿದ್ದ ನಾದಿನಿ ಮಹಮೂದಾ ಬೇಗಂ. ಸತ್ತ ಅಣ್ಣನಿಗಾಗಿ ಅತ್ತು ಅವಳ ಕಣ್ಣು ಊದಿದ್ದವು, ಆದರೆ ಕಣ್ಣಿನ ಕೆಲಸ ಅದಕ್ಕಾಗಿ ನಿಂತಿರಲಿಲ್ಲ. ಹೊರಗಿನ ಹುಡುಗಿ, ಸತ್ತ ಗಂಡಸಿನ ಮುಖ ನೋಡುವುದು ಸರಿಯಲ್ಲ, ಇಲ್ಲೇ ಕೂಡಲಿ ಎಂದಳು. ಅಲ್ಲಿದ್ದವರೂ ತಲೆಯಾಡಿಸಿದರು.

ಹಮೀದುನ್ನಿಸಾ ತಲೆ ಎತ್ತಲಿಲ್ಲ. “ಆ ಮೂಗಿಗಿ ಹೊಡದು ರಕ್ತ ತಗದಾಕಿ ಆಕಿ,” ಅಂದಳು. “ಹೊಡಿಲಾಕ ನಡೀತದ, ನೋಡ್ಲಾಕ ಬ್ಯಾಡಾ?”

ರಾಧಿಕಾ ಹೊಸ್ತಿಲ ಹತ್ತಿರ ಹೋಗಿ ನೋಡಿದಳು. ಹತ್ತಿ ತುರುಕಿದ್ದ ಆ ಮೂಗು ಎಡಕ್ಕೆ ಸ್ವಲ್ಪ ವಾಲಿತ್ತು. ಅದನ್ನು ನೋಡಿದ್ದೇ ಅವಳಿಗೆ ದುಃಖ ಉಕ್ಕಿ ಬಂತು. ಗೋಡೆಗೆ ಮುಖ ಹಚ್ಚಿ ಬಿಕ್ಕಿಬಿಕ್ಕಿ ಅತ್ತಳು.

ಅಳು ಇನ್ನೂ ನಿಂತಿರಲಿಲ್ಲ, ಅಷ್ಟರಲ್ಲೇ ಫೋನು ಬಂತು. ಭಾಲ್ಕಿಯಿಂದ ಶಿವಕಾಂತ. ವಿಭಾಗಮಟ್ಟದ ಬಾಕ್ಸಿಂಗ್ ಕೂಟ ನಡೆಸುತ್ತಿದ್ದವನು ಅವನೇ. ಹಿಂದಿನ ದಿನ ಅಲ್ಲಿ ರಾಧಿಕಾ ಒಂದು ಸೆಮಿಫೈನಲ್ ಗೆದ್ದಿದ್ದಳು. ಇನ್ನೊಂದನ್ನು ಗೆದ್ದವಳು ಖಾಜಾ ಮಿಯಾರ ಮೊಮ್ಮಗಳು ರುಖ್ಸಾರ. ಒಂದೇ ತಾಲೀಮಿನ, ಒಂದೇ ತೂಕದ ಇಬ್ಬರು ಹುಡುಗಿಯರು ಫೈನಲ್ಲಿಗೆ ಬಂದಿದ್ದರು. ಗೆದ್ದವಳಿಗೆ ರಾಜ್ಯದ ತಂಡದಲ್ಲಿ ಜಾಗ. ಮುದುಕ ಆ ಖುಷಿಯಲ್ಲೇ ಮೊಮ್ಮಗಳನ್ನು ಕರೆದುಕೊಂಡು ರಾತ್ರಿ ಮನೆಗೆ ಬಂದು, ಉಂಡು ಮಲಗಿದ್ದರು.

ಶಿವಕಾಂತ ಮೊದಲು ಉಸ್ತಾದರ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿದ. ಆಮೇಲೆ ವಿಷಯಕ್ಕೆ ಬಂದ. “ರುಖ್ಸಾರ ಅಂತೂ ಬರಂಗಿಲ್ಲ, ಸಹಜ ಅದ. ನೀ ಸಂಜಿ ಐದರ ಒಳಗ ಬಂದು ರಿಂಗಿನ್ಯಾಗ ನಿಂತ್ರ ಸಾಕು. ವಾಕೋವರ್ ಕೊಡ್ತೇವಿ.”

“ಎದುರಿಗಿ ಯಾರೂ ಇಲ್ದ ಗೆದ್ದಂಗೇನ್ರಿ ಸರ್?”

“ನಿಯಮ ಅದ, ತಂಗಿ.”

ನಾಳೆಗೆ ಇಟ್ಟುಕೊಳ್ಳಿ ಎಂದು ಅವಳು ಬೇಡಿಕೊಂಡಳು. ಆಗುವುದಿಲ್ಲ, ಸಂಜೆಯೇ ಹೆಸರು ಕಳಿಸಬೇಕು ಎಂದ. ನೀನೂ ಬಾರದಿದ್ದರೆ ಮೂರನೆಯವಳಾದ ಕಲಬುರಗಿ ಹುಡುಗಿಯ ಹೆಸರು ಹೋಗುತ್ತದೆ, ನನ್ನ ಕೈಯಲ್ಲಿ ಏನೂ ಇಲ್ಲ ಎಂದ. ಇರಬಹುದು. ನಿಯಮ ಮಾಡಿದವರು ಯಾವಾಗಲೂ ಬೇರೆ ಎಲ್ಲೋ ಇರುತ್ತಾರೆ.

ರಾಧಿಕಾಳದು ಅತ್ತ ದರಿ, ಇತ್ತ ಪುಲಿ ಆಯಿತು. ಹೋದರೆ ಉಸ್ತಾದರ ಸಾವಿನ ಮೇಲೆ ನಿಂತು ಗೆದ್ದಂತೆ. ಹೋಗದಿದ್ದರೆ ಇಬ್ಬರ ಇಷ್ಟು ವರ್ಷದ ಬೆವರೂ ಮಣ್ಣುಪಾಲು. ಅಂತಹ ಗೆಲುವನ್ನು ಮುಟ್ಟಿದರೆ ತನಗೆ ಜನ್ಮದಲ್ಲಿ ಮತ್ತೆ ಆ ಕೋಣೆಯೊಳಗೆ ಕಾಲಿಡಲಾಗದು ಎಂದು ಮಾತ್ರ ಅವಳಿಗೆ ಖಚಿತವಾಗಿತ್ತು.

*

ರಾಧಿಕಾಳ ಊರು ಔರಾದದಿಂದ ಒಳಗೆ. ತಂದೆ ಕಾಶೀನಾಥ ಕುರಿ ಸಾಕಿದವನು. ಅವಳ ಅಕ್ಕನ ಮದುವೆಗೆ ಗಾದಿ ತುಂಬಲು ಖಾಜಾ ಮಿಯಾ ಪಿಂಜಾರರ ಬಿಲ್ಲು ಹೊತ್ತುಕೊಂಡು ಬಂದಿದ್ದರು. ಅಂಗಳದಲ್ಲಿ ಕುಳಿತು ಹತ್ತಿ ಹಿಂಜುತ್ತಿದ್ದಾಗ ಎರಡು ಟಗರು ಪದೇಪದೇ ಹತ್ತಿಯ ರಾಶಿಗೆ ನುಗ್ಗುತ್ತಿದ್ದವು. ರಾಧಿಕಾ ಕೋಲು ಹಿಡಿದು ನಿಂತಿದ್ದಳು. ಟಗರು ಮೂತಿ ಮುಂದೆ ತಂದಿತೋ ಇಲ್ಲವೋ, ಮೂಗಿನ ಮೇಲೆ ಒಂದು ಚುರುಕು ಪೆಟ್ಟು ಬೀಳುತ್ತಿತ್ತು. ಪೆಟ್ಟು ಎಲ್ಲಿಂದ ಬಂತೆಂದು ಅದು ನೋಡುವ ಹೊತ್ತಿಗೆ ಕೋಲು ಅವಳ ಹೆಗಲ ಮೇಲಿರುತ್ತಿತ್ತು. ಖಾಜಾ ಮಿಯಾ ಹಿಂಜುವುದನ್ನು ಬಿಟ್ಟು ನೋಡುತ್ತಾ ಕುಳಿತರು. ಸಂಜೆ ಕಾಶೀನಾಥನಿಗೆ, ಇವಳನ್ನು ಬೀದರಿನ ಶಾಲೆಗೆ ಹಾಕಿ, ನಾನು ಬಾಕ್ಸಿಂಗ್ ಕಲಿಸುತ್ತೇನೆ ಎಂದರು.

ಹೆಣ್ಣು ಹುಡುಗಿಗೆ ಮಂದಿಯನ್ನು ಹೊಡೆಯಲು ಕಲಿಸುತ್ತೀರಾ ಎಂದು ಅವನು ಕೇಳಿದ್ದಕ್ಕೆ ಅವರು, “ಇಲ್ರಿ. ಹೊಡಸ್ಕೊಳ್ಳದಂಗ ಇರ್ಲಾಕ ಕಲಸ್ತೇನಿ,” ಎಂದಿದ್ದರು. ಹೆಣ್ಣು ಹೆತ್ತ ಕಾಶೀನಾಥನಿಗೆ ಆ ಮಾತು ನಾಟಿತು.

ತಾಲೀಮಿಗೆ ಬಂದ ಮೊದಲ ದಿನ ರಾಧಿಕಾ ಮನೆಯಲ್ಲಿ ಕಲಿಸಿದಂತೆ ಉಸ್ತಾದರ ಪಾದಕ್ಕೆ ಹಣೆ ಹಚ್ಚಿದಳು. ಅವರು ಅವಳನ್ನು ಎಬ್ಬಿಸಿದರು. ಗ್ಲೌಸು ಹಾಕಿಸಿ, ತಾವೂ ಹಾಕಿಕೊಂಡು ಎದುರು ನಿಂತು, ಜ್ಯಾಬ್ ಹೊಡಿ ಎಂದರು. ಎಡಗೈ ನೇರ ಚಾಚಿ ಹೊಡೆಯುವ ಚಿಕ್ಕ ಏಟು ಅದು. ಬಾಕ್ಸಿಂಗಿನಲ್ಲಿ ಎಲ್ಲರಿಗೂ ಮೊದಲು ಕಲಿಸುವುದು ಅದನ್ನೇ. ರಾಧಿಕಾ ಕೈ ಚಾಚಿದಳು. ಮೂಗಿನಿಂದ ಒಂದು ಗೇಣು ಈಚೆಗೆ ಗ್ಲೌಸು ನಿಂತಿತು. ಮತ್ತೆ ಹೊಡಿ ಎಂದರು. ಮತ್ತೆ ಅಲ್ಲೇ ನಿಂತಿತು.

ಗುರುಗಳಿಗೆ ಹೊಡೆದರೆ ಪಾಪ ಹತ್ತುತ್ತದೆ ಎಂದು ಅವಳು ಮೆಲ್ಲಗೆ ಹೇಳಿದಳು. ಚೀಲದ ಹಿಂದೆ ನಿಂತು ನೋಡುತ್ತಿದ್ದ ರುಖ್ಸಾರ ಕಿಸಕ್ಕನೆ ನಕ್ಕಳು.

ಖಾಜಾ ಮಿಯಾ ಗ್ಲೌಸು ಬಿಚ್ಚಿ ಅವಳನ್ನು ಮುಂದಿನ ಅಂಗಡಿಗೆ ಕರೆದುಕೊಂಡು ಹೋದರು. ಬಿಲ್ಲಿನ ತಂತಿಯನ್ನು ಹತ್ತಿಯ ಮೇಲಿಟ್ಟು, ಹೊಡೆಯುವ ಮರದ ಹಿಡಿಯನ್ನು ಅವಳ ಕೈಗೆ ಕೊಟ್ಟರು. ಅವಳು ಬಲವಾಗಿ ಹೊಡೆದಳು. ತಂತಿ ದಡ್ಡ್ ಎಂದಿತು, ಹತ್ತಿ ಬಿದ್ದಲ್ಲೇ ಬಿದ್ದುಕೊಂಡಿತು. ಅವರು ಹಿಡಿ ಇಸಿದುಕೊಂಡು ಸುಮ್ಮನೆ ತಟ್ಟಿದಂತೆ ಮಾಡಿದರು. ತಂತಿ ಝೇಂಕರಿಸಿತು. ಹತ್ತಿ ಹೊಗೆಯಂತೆ ಎದ್ದು ಅವಳ ಕೂದಲ ಮೇಲೆ ಕೂತಿತು.

“ನೀ ಹೊಡದು ಅಲ್ಲೇ ಕುಂತಿ. ಕೈ ಹೋಗೂದು ಎಲ್ಲರಿಗೂ ಬರ್ತದ. ಹೋದ ಜೋರಿನ್ಯಾಗೇ ತಿರುಗಿ ಮನಿಗಿ ಬರಬೇಕು, ಗದ್ದದ ಹತ್ರ. ಅದು ಜ್ಯಾಬ್,” ಎಂದರು. ಹಿಡಿಯನ್ನು ಕೆಳಗಿಟ್ಟು, “ಇನ್ನ ಪಾಪದ ಮಾತು. ನಾ ನಿನ್ನ ಎದುರಿಗಿ ಕೈ ಎತ್ತಿ ನಿಂತೇನಿ ಅಂದ್ರ ನೀ ಖರೇ ಹೊಡೀತಿ ಅಂತ ನಂಬೇನಿ. ಸುಳ್ಳು ಏಟು ಕೊಟ್ರ ನನಗ ‘ಮುದುಕ, ಮನಿಗಿ ಹೋಗು’ ಅಂದಂಗ. ಪಾದಕ್ಕ ಬಿದ್ದು ಆಮ್ಯಾಲ ಮೋಸ ಮಾಡ್ತಿಯೇನು?” ಎಂದರು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ ರಾಧಿಕಾಳ ಜ್ಯಾಬ್ ಅವರು ತಡೆಯುವ ಮೊದಲೇ ಮೂಗಿಗೆ ಬಿತ್ತು. ಅವಳು ಹೆದರಿ ಬಾಯಿ ಮುಚ್ಚಿಕೊಂಡಳು. ಮುದುಕ ಮೀಸೆಯ ಮೇಲೆ ರಕ್ತ ಸುರಿಸಿಕೊಂಡೇ ಒಳಗೆ ಓಡಿ, ನೋಡು, ನೋಡು ಎಂದು ಹೆಂಡತಿಗೆ ತೋರಿಸಿದರು. ಮನೆಯಲ್ಲಿ ಕೂಸು ಮೊದಲ ಸಲ ಎದ್ದು ನಿಂತಾಗ ತೋರಿಸುವ ಹಾಗೆ. ಹಮೀದುನ್ನಿಸಾ ಇಬ್ಬರಿಗೂ ಸೇರಿಸಿ ಬೈದಳು. ಬೈದು ಮುಗಿದ ಮೇಲೆ ಇಬ್ಬರಿಗೂ ಸೇರಿಸಿ ಉಣ್ಣಲು ಬಡಿಸಿದಳು.

*

ರುಖ್ಸಾರ ತಾಲೀಮಿನ ನೆಲದ ಮೇಲೆ ಕುಳಿತಿದ್ದಳು. ಹೆಂಗಸರ ನಡುವೆ ಕೂಡಲಾಗದೆ ಎದ್ದು ಬಂದಿದ್ದಳು. ರಾಧಿಕಾ ಫೋನಿನ ಮಾತನ್ನು ಹೇಳಿದಾಗ, ನೀನಾದರೂ ಹೋಗು ಎಂದಳು. ಹೋಗುವುದಾದರೆ ಇಬ್ಬರೂ, ಇಲ್ಲವಾದರೆ ಯಾರೂ ಇಲ್ಲ ಎಂದು ರಾಧಿಕಾ ಅವಳ ಎದುರು ಕುಳಿತಳು.

ರುಖ್ಸಾರ ಕಣ್ಣು ಒರೆಸಿಕೊಂಡು ಅಂದಳು. “ದಾದಾ ಇಲ್ಲ ಅಂತ ಎದಿ ಒಡೀಲಾಕತ್ತದ. ಆಡಬೇಕು ಅಂತನೂ ಆಗ್ಲಾಕತ್ತದ. ಎರಡೂ ಒಮ್ಮಿಗೇ. ನಾ ಕೆಟ್ಟಾಕಿ ಏನು, ರಾಧಿ?”

“ನಾನೂ ಹಂಗೇ ಇದ್ದೇನಿ. ಕೆಟ್ಟವರಿದ್ರ ಇಬ್ಬರೂ ಕೆಟ್ಟವರು,” ಎಂದು ರಾಧಿಕಾ ಅವಳ ಕೈ ಹಿಡಿದು ಎಬ್ಬಿಸಿದಳು.

ಕೇಳಬೇಕಾದದ್ದು ರುಖ್ಸಾರಳ ತಂದೆ, ಉಸ್ತಾದರ ಮಗ ಉಮೇರನನ್ನು. ಅವನು ಹಿತ್ತಲಲ್ಲಿ ಕಬರಸ್ತಾನದಿಂದ ಬಂದವರೊಡನೆ ಮಾತಾಡುತ್ತಿದ್ದ. ಉಮೇರನದು ಬಸ್‌ಸ್ಟ್ಯಾಂಡಿನ ಹತ್ತಿರ ಫೋಮ್ ಗಾದಿಗಳ ಅಂಗಡಿ. ಅಪ್ಪ ಹತ್ತಿಯವನು, ಮಗ ಫೋಮಿನವನು. ಊರವರು ನಗಾಡಲು ಅಷ್ಟು ಸಾಕಿತ್ತು. ಮಗಳು ಆಡುವುದು ಅವನಿಗೆ ಎಂದೂ ಇಷ್ಟವಿರಲಿಲ್ಲ. ಅಪ್ಪ ಬದುಕಿರುವ ತನಕ ಸುಮ್ಮನಿದ್ದ, ಅಷ್ಟೇ.

ಮಗಳ ಮಾತನ್ನು ಅವನು ಪೂರ್ತಿ ಕೇಳಲೂ ಇಲ್ಲ. ಸಿಟ್ಟಿಗಿಂತ ಹೆಚ್ಚಾಗಿ ಅವನಿಗೆ ದಣಿವಾಗಿತ್ತು. ಮೂರು ದಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಯವರು ತಂದದ್ದನ್ನು ಉಣ್ಣುತ್ತೇವೆ, ಅಂಥಾದ್ದರಲ್ಲಿ ನೀನು ಚಡ್ಡಿ ಹಾಕಿಕೊಂಡು ಕುಣಿಯಲು ಹೊರಟೆಯಾ ಎಂದ. ಒಳಗಿನಿಂದ ಬಂದ ಮಹಮೂದಾ ಬೇಗಂ ಅದಕ್ಕೆ ಉಪ್ಪು ಖಾರ ಹಚ್ಚಿದಳು. ಅಣ್ಣನ ಮಣ್ಣು ಆರುವ ಮೊದಲು ಮೊಮ್ಮಗಳು ರಿಂಗಿಗೆ ಇಳಿದರೆ ನಾಲ್ಕು ಊರಿನಲ್ಲಿ ಮುಖ ತೋರಿಸುವುದು ಹೇಗೆ ಎಂದಳು. ಮುಖ ತೋರಿಸಲು ಅವಳು ಬಗದಲ್ ಬಿಟ್ಟು ಬೇರೆಲ್ಲಿಗೂ ಹೋಗುತ್ತಿರಲಿಲ್ಲ, ಆ ಮಾತು ಬೇರೆ.

“ಕೇಳಿರಿ ಎಲ್ಲಾರೂ,” ಎಂದ ಉಮೇರ ಕಡೆಗೆ. “ಅಬ್ಬಾ ಜೋಡಿ ಆ ಕೋಣೀನೂ ಮುಗೀತು. ನಾಳಿದ್ದಿನಿಂದ ಅಲ್ಲಿ ನನ್ನ ಮಾಲು ಇಳೀತದ. ಇನ್ನ ಬಾಕ್ಸಿಂಗ್ ಹೆಸರು ಈ ಮನ್ಯಾಗ ಬ್ಯಾಡ.”

ರಾಧಿಕಾಳಿಗೆ ಕೆನ್ನೆಗೆ ಬಡಿದಂತಾಯಿತು. ಆದರೂ ಹಿಂದೆ ಸರಿಯಲಿಲ್ಲ. “ಚಾಚಾ, ಸಿಟ್ಟಾಗಬ್ಯಾಡ್ರಿ. ಉಸ್ತಾದರಿಗಿ ನೀವು ಹೆಗಲು ಕೊಡ್ತೀರಿ, ನಮಗ ಅದು ಇಲ್ಲ. ನಮ್ಮ ಕಡಿಂದ ಕೊಡ್ಲಾಕ ಇದೊಂದೇ ಅದ. ಇದನ್ನರೆ ಕಸಗೊಬ್ಯಾಡ್ರಿ,” ಎಂದಳು.

ಉಮೇರ ಉತ್ತರ ಕೊಡುವ ಮೊದಲೇ ಹಮೀದುನ್ನಿಸಾ ಹಿತ್ತಲ ಬಾಗಿಲಿಗೆ ಬಂದು ನಿಂತಿದ್ದಳು. ಬಳೆ ತೆಗೆದ ಕೈಗಳು ಬೋಳಾಗಿ ಕಾಣುತ್ತಿದ್ದವು. ಅವಳನ್ನು ಎಬ್ಬಿಸಿ ತಂದದ್ದು ಯಾರೆಂದು ಮಹಮೂದಾ ಬೇಗಂ ಸುತ್ತ ನೋಡಿದಳು. ಯಾರೂ ಎಬ್ಬಿಸಿರಲಿಲ್ಲ.

“ಉಮೇರ, ಗಂಡ ಸತ್ತಾಕಿ ನಾ, ಇವತ್ತಿನಿಂದ ನಾಲ್ಕು ತಿಂಗಳು ಹತ್ತು ದಿನ ಈ ಹೊಸ್ತಿಲು ದಾಟಂಗಿಲ್ಲ. ಅಳೂದು ನನ್ನ ಪಾಲಿಂದು, ನಾ ಕುಂತು ಅಳ್ತೇನಿ. ಮಣ್ಣು ಕೊಡೂದು ನಿನ್ನ ಪಾಲಿಂದು, ನೀ ಕೊಡು. ಈ ಹುಡುಗೇರ ಪಾಲಿಂದು ಇವರು ಮಾಡ್ಲಿ,” ಎಂದಳು. “ಮಂದಿ ಕೇಳಿದ್ರ ಮುದುಕಿ ಕಳಿಸ್ಯಾಳ ಅಂತ ಹೇಳು. ನನಗ ಹ್ಯಾಂಗೂ ಹೊರಗ ಹೋಗೂದಿಲ್ಲ. ಯಾರರೆ ಬೈಯ್ಬೇಕಂದ್ರ ಇಲ್ಲಿಗೇ ಬರ್ಲಿ.”

ಉಮೇರ ಕಬರಸ್ತಾನದವರ ಕಡೆ ತಿರುಗಿ, ಗೋರಿಗೆ ಹಲಗೆ ಎಷ್ಟು ಬೇಕು ಎಂದು ಕೇಳತೊಡಗಿದ.

*

ಉಮೇರನ ಸಿಟ್ಟಿಗೆ ಬೇರು ಇತ್ತು. ಅದು ಮನೆಯಲ್ಲಿ ಯಾರೂ ಎತ್ತದ ವಿಷಯ.

ಕಾಲೇಜಿಗೆ ಹೋಗುವಾಗ ಅವನೂ ಆಡುತ್ತಿದ್ದ. ಅಪ್ಪನಿಗಿಂತ ಚುರುಕು ಎಂದು ಜನ ಅನ್ನುತ್ತಿದ್ದರು. ಒಮ್ಮೆ ಔರಾದದಲ್ಲಿ ನಡೆದ ಪಂದ್ಯದಲ್ಲಿ ಎದುರಾಳಿ ಹುಡುಗನನ್ನು ಅವನು ಎರಡನೇ ರೌಂಡಿಗೇ ಕೆಡವಿದ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಹರೆಯದ ಸೊಕ್ಕು, ಬಿದ್ದವನ ಸುತ್ತ ಕುಂಟುತ್ತಾ ನಡೆದು, ಅವನು ಬಿದ್ದ ರೀತಿಯನ್ನು ಅಣಕಿಸಿ ತೋರಿಸಿದ. ನೆರೆದವರು ಹೋ ಎಂದು ನಕ್ಕರು. ಬಿದ್ದ ಹುಡುಗನ ತಾಯಿ ಅಲ್ಲೇ ಕುಳಿತಿದ್ದಳು.

ಖಾಜಾ ಮಿಯಾ ಹಗ್ಗದ ನಡುವೆ ನುಸುಳಿ ರಿಂಗಿಗೆ ಬಂದರು. ಮಗನನ್ನು ಹೊಡೆಯಲಿಲ್ಲ. ತೀರ್ಪುಗಾರರ ಬಳಿ ಹೋಗಿ, ನನ್ನ ಹುಡುಗ ಸೋತ, ಬರೆದುಕೊಳ್ಳಿ ಎಂದರು. ಆಮೇಲೆ ಎದುರಾಳಿಯ ಚೀಲವನ್ನು ಮಗನ ಹೆಗಲಿಗೆ ಹಾಕಿ, ಅವನನ್ನೂ ಅವನ ತಾಯಿಯನ್ನೂ ಬಸ್ಸಿಗೆ ಹತ್ತಿಸಿ ಬಾ ಎಂದರು. ಬಜಾರಿನ ನಡುವೆ, ನಕ್ಕ ಜನರ ಎದುರೇ, ಉಮೇರ ಆ ಚೀಲ ಹೊತ್ತುಕೊಂಡು ನಡೆದ.

ಅಂದಿನಿಂದ ಅವನು ಗ್ಲೌಸು ಮುಟ್ಟಲಿಲ್ಲ. ಅಪ್ಪನೂ ಮುಟ್ಟು ಅನ್ನಲಿಲ್ಲ. ಮಂದಿಯ ಮಕ್ಕಳ ಮುಂದೆ ನನ್ನ ಮಾನ ಕಳೆದರು ಎಂದು ಮಗ, ಮತ್ತೆ ಆಡುತ್ತೇನೆಂದು ಒಂದು ಸಲವಾದರೂ ಬಂದು ಕೇಳಲಿ ಎಂದು ಅಪ್ಪ. ಇಬ್ಬರೂ ಒಂದೇ ಹತ್ತಿಯವರು, ಹಟದಲ್ಲಿ ಯಾರೂ ಕಡಿಮೆಯಿಲ್ಲ. ಒಂದೇ ತಟ್ಟೆಯ ಸುತ್ತ ಕೂತು ಉಂಡರು, ಹಬ್ಬದ ದಿನ ಅಪ್ಪಿಕೊಂಡರು. ಆ ಮಾತು ಮಾತ್ರ ಹಾಗೇ ಉಳಿಯಿತು. ಇಂದು ಬೆಳಿಗ್ಗೆ ಅಪ್ಪನ ಮೈಗೆ ನೀರು ಹಾಕುವಾಗ ಉಮೇರ ಎಡಗೈಯನ್ನು ತೊಳೆದು, ತೊಳೆದಾದ ಮೇಲೂ ಬಹಳ ಹೊತ್ತು ಬಿಟ್ಟಿರಲಿಲ್ಲ ಎಂದು ಜೊತೆಗಿದ್ದವರು ಹೇಳುತ್ತಾರೆ.

*

ಜನಾಜಾ ಎದ್ದಾಗ ಹೆಂಗಸರ ಅಳು ಒಮ್ಮೆಲೇ ಏರಿತು. ಹೆಗಲು ಕೊಡಲು ಗಲ್ಲಿಯ ತುಂಬಾ ಜನ. ಸಂಘಪಾಲನೂ ಕೊಟ್ಟ, ಗಾದಿ ತುಂಬಿಸಿಕೊಂಡ ಮನ್ನಳ್ಳಿಯ ರೈತರೂ ಕೊಟ್ಟರು. ಕೆಡಿಸುವ ಮುದುಕ ಎಂದವರಲ್ಲೂ ಕೆಲವರು ಬಂದು ಹೆಗಲು ತಾಕಿಸಿ ಹೋದರು. ಸತ್ತ ಮೇಲೆ ಎಲ್ಲರೂ ಒಳ್ಳೆಯವರೇ. ರಾಧಿಕಾಳೂ ರುಖ್ಸಾರಳೂ ಹೊಸ್ತಿಲ ಒಳಗೆ ನಿಂತು, ಗಲ್ಲಿಯ ತಿರುವಿನಲ್ಲಿ ಅದು ಮರೆಯಾಗುವ ತನಕ ನೋಡಿದರು.

ಮಣ್ಣು ಕೊಟ್ಟು ಸಂಘಪಾಲ ಜೀಪು ತಂದ. ರುಖ್ಸಾರ ಅಜ್ಜಿಯ ಮುಂದೆ ಬಗ್ಗಿದಾಗ ಹಮೀದುನ್ನಿಸಾ ಅವಳ ತಲೆಯ ಮೇಲೆ ಕೈ ಇಟ್ಟಳು. ರಾಧಿಕಾಳ ತಲೆಯ ಮೇಲೂ ಇಟ್ಟಳು. ಗೆದ್ದು ಬಾ ಎಂದು ಇಬ್ಬರಿಗೂ ಹೇಳಲಾಗದಲ್ಲ. ಸರಿಯಾಗಿ ಆಡಿರಿ ಎಂದು ಇಬ್ಬರಿಗೂ ಹೇಳಿದಳು. ಮಹಮೂದಾ ಬೇಗಂ ಗೋಡೆಯ ಕಡೆ ಮುಖ ಮಾಡಿ ತಸಬಿಯ ಮಣಿ ಎಣಿಸುತ್ತಿದ್ದಳು. ಉಮೇರ ಇನ್ನೂ ಕಬರಸ್ತಾನದಲ್ಲೇ ಇದ್ದ, ಎಲ್ಲರೂ ತಿರುಗಿದರೂ ಅವನು ತಿರುಗಿಲ್ಲ ಎಂದು ಸಂಘಪಾಲ ಹೇಳಿದ.

ಭಾಲ್ಕಿಯ ಮೈದಾನದಲ್ಲಿ ಅವರನ್ನು ನೋಡಿ ಶಿವಕಾಂತ ಕುರ್ಚಿಯಿಂದ ಎದ್ದ. ರುಖ್ಸಾರ, ನೀನು ಬಂದೆಯಾ ಎಂದ. ಅವಳು, ಬಂದೇನಿ, ಹೆಸರು ಕೂಗ್ರಿ ಎಂದಳು. ಅವನು ಮೈಕು ಹಿಡಿದು ಖಾಜಾ ಮಿಯಾರ ಹೆಸರಿನಲ್ಲಿ ಎಲ್ಲರನ್ನೂ ಒಂದು ನಿಮಿಷ ಎದ್ದು ನಿಲ್ಲಿಸಿದ. ಗದ್ದಲದ ಮೈದಾನ ಸುಮ್ಮನಾಯಿತು. ಆ ನಿಮಿಷ ಮುಗಿಯುತ್ತಿದ್ದಂತೆ ಮಾತು ಶುರುವಾಯಿತು. ಅಜ್ಜನನ್ನು ಹೂಳಿ ಬಂದವಳಂತೆ, ಎಂಥ ಗಟ್ಟಿ ಎದೆಯವಳು ಎಂದು ಒಬ್ಬ. ಎದೆ ಅಲ್ಲ, ಕಲ್ಲು ಎಂದು ಇನ್ನೊಬ್ಬ. ನಾಲಿಗೆಗೆ ಎಲುಬಿಲ್ಲ.

ಪ್ರತಿ ಆಟಗಾರ್ತಿಯ ಮೂಲೆಯಲ್ಲಿ ನೀರು ಕೊಡಲು, ನಾಲ್ಕು ಮಾತು ಹೇಳಲು ಒಬ್ಬರು ಬೇಕು. ಇದ್ದವನು ಸಂಘಪಾಲ ಒಬ್ಬನೇ. ನೀವು ರುಖ್ಸಾರಳ ಮೂಲೆಗೆ ನಿಲ್ಲಿ, ಇವತ್ತು ಅವಳಿಗೆ ನಮ್ಮವರೊಬ್ಬರು ಬೇಕು ಎಂದು ರಾಧಿಕಾ ಅವನನ್ನು ಆಚೆ ಕಳಿಸಿದಳು. ನಿನ್ನ ಮೂಲೆಗೆ ಯಾರು ಎಂದು ಶಿವಕಾಂತ ಕೇಳಿದ್ದಕ್ಕೆ, ಯಾರಿಲ್ರಿ, ನಡೀತದ ಎಂದಳು. ಒಂದು ಸ್ಟೂಲು, ಒಂದು ನೀರಿನ ಬಾಟಲಿ ಅಲ್ಲಿ ಸುಮ್ಮನೆ ಕೂತವು.

ಗಂಟೆ ಹೊಡೆಯಿತು. ಇಬ್ಬರೂ ಗ್ಲೌಸು ತಾಕಿಸಿ ಹಿಂದೆ ಸರಿದರು. ರಾಧಿಕಾಳ ಮನಸ್ಸು ಏನೋ ಗಟ್ಟಿ ಇತ್ತು, ಕೈ ಕೇಳಲಿಲ್ಲ. ಎದುರಿಗೆ ಕಾಣುತ್ತಿದ್ದದ್ದು ಅತ್ತು ಅತ್ತು ಕೆಂಪಾದ ಎರಡು ಕಣ್ಣು. ಅವಳ ಜ್ಯಾಬ್ ಹೋಯಿತು, ಮೂಗಿನ ಈಚೆಗೇ ನಿಂತು ಮರಳಿತು. ಮತ್ತೊಂದು ಹೋಯಿತು, ಅದೂ ಹಾಗೇ. ನೋಡುವವರಿಗೆ ಅದು ಆಟದಂತೆಯೇ ಕಂಡಿರಬೇಕು. ರುಖ್ಸಾರಳಿಗೆ ಕಾಣದಿರುತ್ತದೆಯೇ? ಅವಳು ರಿಂಗಿನ ನಡುವೆ ನಿಂತುಬಿಟ್ಟಳು. ಎರಡೂ ಕೈ ಕೆಳಗೆ ಬಿಟ್ಟು, ಹಲ್ಲಿನ ಕವಚವನ್ನು ನಾಲಿಗೆಯಿಂದ ಒತ್ತಿ ಸರಿಸಿ ಅಂದಳು:

“ಸುಳ್ಳು ಹೊಡಿಬ್ಯಾಡ. ನಾ ಎಲ್ಲಿಂದ ಎದ್ದು ಬಂದೇನಿ ನಿನಗ ಗೊತ್ತದ.”

ಕೈ ಎತ್ತು ಎಂದು ರೆಫರಿ ಗದರಿಸಿದ. ಅವಳು ಎತ್ತಿದಳು. ಎತ್ತಿದ ಕೈ ಹೊರಟದ್ದು ರಾಧಿಕಾಳಿಗೆ ಕಾಣಲೇ ಇಲ್ಲ. ಮೂಗಿಗೆ ಬೆಂಕಿ ತಾಗಿದಂತಾಯಿತು, ತುಟಿಗೆ ಉಪ್ಪು ಇಳಿಯಿತು. ಅಪ್ಪಟ ಉಸ್ತಾದರ ಜ್ಯಾಬ್. ನಾಚಿಕೆಯಿಂದ ರಾಧಿಕಾಳ ಕಿವಿ ಸುಟ್ಟವು. ಇಷ್ಟು ದೂರ, ಇಷ್ಟು ಮಂದಿಯ ಬಾಯಿ ದಾಟಿ ಬಂದವಳಿಗೆ ತಾನು ಕೊಡಲು ಹೊರಟದ್ದು ಕರುಣೆಯೇ? ಕರುಣೆಯನ್ನು ಯಾರಾದರೂ ಮನೆಯಲ್ಲೇ ಕೊಡುತ್ತಿದ್ದರು. ಅವಳು ಕಾಲು ಊರಿ, ಹೆಗಲು ಸಡಿಲ ಬಿಟ್ಟು, ಮೊದಲ ಸಲ ಖರೇ ಹೊಡೆದಳು. ರುಖ್ಸಾರಳ ತಲೆ ಹಿಂದಕ್ಕೆ ಹೋಯಿತು. ಅದು ಮುಂದೆ ಬರುವಷ್ಟರಲ್ಲಿ ಇನ್ನೊಂದು ಬಿತ್ತು. ಕವಚದ ಹಿಂದೆ ರುಖ್ಸಾರ ನಗುತ್ತಿದ್ದಳು. ನಗುತ್ತಲೇ ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಆಮೇಲೆ ಇಬ್ಬರೂ ಬಿಡಲಿಲ್ಲ. ಗಂಟೆ ಹೊಡೆದದ್ದು ಇಬ್ಬರಿಗೂ ಕೇಳಿಸದೆ ರೆಫರಿ ನಡುವೆ ಬಂದು ನಿಲ್ಲಬೇಕಾಯಿತು.

ರಾಧಿಕಾ ಮೂಗಿನ ರಕ್ತವನ್ನು ತೋಳಿನಿಂದ ಒರೆಸಿಕೊಳ್ಳುತ್ತಾ ತನ್ನ ಖಾಲಿ ಮೂಲೆಗೆ ತಿರುಗಿದಳು. ಸ್ಟೂಲು ಆಗಲೇ ಹಗ್ಗದ ಒಳಗೆ ಬಂದಿತ್ತು. ಅದನ್ನು ಇಟ್ಟವನು ಉಮೇರ. ಕಬರಸ್ತಾನದಿಂದ ನೇರ ಗಾಡಿ ಹೊಡೆದುಕೊಂಡು ಬಂದು, ಜನರ ನಡುವೆ ನಿಂತು ಆ ಸುತ್ತು ನೋಡಿದ್ದ. ಬಿಳಿ ಪೈಜಾಮದ ಮೊಣಕಾಲ ಮೇಲೆ ಕೆಂಪು ಮಣ್ಣಿನ ಎರಡು ಗುರುತು, ಅಂಗೈ ತೊಳೆದಿರಲಿಲ್ಲ. ಎದುರು ಮೂಲೆಯಲ್ಲಿ ಅವನ ಮಗಳು ಸಂಘಪಾಲನ ಕೈಯಿಂದ ನೀರು ಕುಡಿಯುವುದನ್ನು ನಿಲ್ಲಿಸಿ ಅಪ್ಪನನ್ನೇ ನೋಡುತ್ತಿದ್ದಳು. ಅವನು ಅತ್ತ ನೋಡಲಿಲ್ಲ.

“ಕೂಡು, ಬೇಟಾ. ತಲಿ ಮ್ಯಾಲ ಮಾಡಬ್ಯಾಡ, ಮುಂದ ಬಗ್ಗಿಸು,” ಎಂದು ಒದ್ದೆ ಬಟ್ಟೆಯಿಂದ ಅವಳ ಮೂಗು ಒತ್ತಿ ಹಿಡಿದ. ಉಸಿರು ಹಿಡಿದು, ಬಹಳ ವರ್ಷದಿಂದ ಬಾಯಿಗೆ ತರದ ಮಾತನ್ನು ಹುಡುಕಿ ತೆಗೆದವನಂತೆ ಮೆಲ್ಲಗೆ ಹೇಳಿದ: “ಹೊಡ್ಯೂಕಿಂತ ಮೊದಲ ನಿನ್ನ ಎಡ ಮೊಣಕೈ ಹೊರಗ ಏಳ್ತದ. ಅದನ್ನ ನೋಡೇ ರುಖ್ಸಾರ ತಪ್ಪಿಸ್ಕೊಳ್ಳಾಕತ್ತಾಳ. ಒಳಗ ಒತ್ತಿ ಇಟ್ಕೊ. ಆಕಿಗಿ ಗೊತ್ತಾಗಬಾರ್ದು.”

“ಚಾಚಾ,” ಎಂದಳು ರಾಧಿಕಾ. ಎಡ ಮೊಣಕೈಯನ್ನು ಪಕ್ಕೆಗೆ ಒತ್ತಿ ನೋಡಿದಳು.

“ಏಳು. ಗಂಟಿ ಆಗ್ತದ,” ಎಂದು ಅವನು ಅವಳ ಬೆನ್ನಿನ ಮೇಲೆ ಅಂಗೈ ಇಟ್ಟು ರಿಂಗಿನ ನಡುವಿಗೆ ದಬ್ಬಿದ.

ಸುತ್ತು ಹಾಕುವಾಗ ಒಮ್ಮೆ, ಏಟು ತಪ್ಪಿಸಿ ಪಕ್ಕಕ್ಕೆ ತಿರುಗಿದಾಗ ಇನ್ನೊಮ್ಮೆ, ರಾಧಿಕಾಳ ನೀಲಿ ಬನಿಯನ್ನಿನ ಬೆನ್ನು ರುಖ್ಸಾರಳ ಕಣ್ಣಿಗೆ ಬಿತ್ತು. ಅಲ್ಲಿ ದಾದಾನ ಗೋರಿಯ ಕೆಂಪು ಮಣ್ಣಿನಲ್ಲಿ ಅಬ್ಬಾನ ಐದು ಬೆರಳು ಮೂಡಿದ್ದವು. ರುಖ್ಸಾರ ಒಂದು ಹೆಜ್ಜೆ ಹಿಂದೆ ಸರಿದು, ಎರಡೂ ಕೈಗಳನ್ನು ಗದ್ದದ ಹತ್ತಿರ ತಂದುಕೊಂಡು ನಿಂತಳು.